ಹೆಣಕ್ಕೊಂದು ಹೆಸರು, ಹಾಡಿಗೊಂದು ಮಾನ

ನಾಟಕ ನೋಡಿ ಬಂದವನು ಸುಮ್ಮನಿರಬೇಕು; ಸುಮ್ಮನಿರಲಾರದವನು ಮನೆಯವರ ಮುಂದೆ ಮಾತ್ರ ಬಾಯಿ ಬಿಡಬೇಕು. ಈ ವಿವೇಕ ನನಗೆ ಎಪ್ಪತ್ತು ದಾಟಿದ ಮೇಲೂ ಬರಲಿಲ್ಲ. 2024ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಅಲ್ಲಿ ಒಂದು ಹೊಸ ಸಂಗೀತ ಪ್ರಹಸನ ನೋಡಿದೆ. ಒಂದು ಸಲ ಸಾಲದೆ ಎರಡು ಸಲ ನೋಡಿದೆ. ಊರಿಗೆ ಮರಳಿದ ಮೇಲೆ ಬಸವನಗುಡಿಯ ಬ್ಯೂಗಲ್ ರಾಕ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸೇರುವ ನಮ್ಮ ಸಂಜೆಯ ಸಭೆಯಲ್ಲಿ ಅದನ್ನು ಬಾಯ್ತುಂಬ ಹೊಗಳಿದೆ. ಅಲ್ಲಿಂದ ಶುರುವಾಯಿತು ನನ್ನ ವಿಚಾರಣೆ.

ವಿಚಾರಣೆ ನಡೆಸಿದವರು ನನ್ನ ಬಹುಕಾಲದ ಸ್ನೇಹಿತರು, ನಿವೃತ್ತ ಪ್ರೊಫೆಸರು. ನಾಟಕವೆಂದರೆ ಹೀಗೇ ಇರತಕ್ಕದ್ದೆಂಬ ನಿಶ್ಚಯವಾದ ಅಭಿಪ್ರಾಯ ಉಳ್ಳವರು. ಅವರು ನನ್ನ ಮೇಲೆ ಎರಡು ಆರೋಪ ಹೊರಿಸಿದರು. ಒಂದು: "ಹಾಡು, ಕುಣಿತ, ನಗೆಚಾಟಿಕೆ, ಇವೆಲ್ಲ ಸೇರಿದ್ದು ತಮಾಷೆಯಾದೀತೇ ಹೊರತು ನಾಟಕವಾಗದು. ನಾವು ಕಂಪೆನಿ ನಾಟಕದ ಕಾಲದಿಂದ ಕಷ್ಟಪಟ್ಟು ಈಚೆಗೆ ಬಂದಿದ್ದೇವೆ; ತಾವು ಲಂಡನ್ನಿಗೆ ಹೋಗಿ ಮತ್ತೆ ಅಲ್ಲಿಗೇ ಸೇರಿಕೊಂಡಿರಿ." ಎರಡು: "ಯಾವನೋ ಬಡಪಾಯಿಯ ಹೆಣವನ್ನಿಟ್ಟುಕೊಂಡು ಎರಡೂವರೆ ಗಂಟೆ ನಗುವುದೆ? ಇದು ನಿರ್ದಯೆ." ಅಲ್ಲಿ ಬೆಂಚಿನ ಮೇಲೆ ನನಗೆ ಉತ್ತರ ಹೊಳೆಯಲಿಲ್ಲ. ಮೊದಲನೆಯದಕ್ಕೆ ಸಿಟ್ಟು ಬಂತು. ಎರಡನೆಯದು ಮನಸ್ಸಿಗೆ ನಾಟಿತು. ಮನೆಗೆ ಬಂದು ಯೋಚಿಸಿ ಈ ಉತ್ತರ ಬರೆಯುತ್ತಿದ್ದೇನೆ. ಪ್ರೊಫೆಸರು ಈ ಪುರವಣಿಯನ್ನು ತಪ್ಪದೆ ಓದುವವರಾದ್ದರಿಂದ ಬೇರೆ ಅಂಚೆಯ ಖರ್ಚಿಲ್ಲ.

ಮೊದಲು ಕಥೆ ಹೇಳುತ್ತೇನೆ, ಏಕೆಂದರೆ ವಾದವೆಲ್ಲ ಕಥೆಯ ಮೇಲೇ ನಿಂತಿದೆ. ನಾಟಕದ ಹೆಸರು "ಆಪರೇಷನ್ ಮಿನ್ಸ್‌ಮೀಟ್". ವಸ್ತು ಕಟ್ಟುಕಥೆಯಲ್ಲ, 1943ರ ಯುದ್ಧಕಾಲದ ನಿಜಸಂಗತಿ. ಮಿತ್ರರಾಷ್ಟ್ರಗಳ ಸೈನ್ಯ ಸಿಸಿಲಿ ದ್ವೀಪದ ಮೇಲೆ ಇಳಿಯಬೇಕಾಗಿತ್ತು. ಆದರೆ ಅವರು ಅಲ್ಲಿಗೇ ಬರುವರೆಂದು ಊಹಿಸುವುದು ಯಾರಿಗೂ ಕಷ್ಟವಾಗಿರಲಿಲ್ಲ. ಹಿಟ್ಲರನ ಗಮನವನ್ನು ಬೇರೆ ಕಡೆ ಎಳೆಯಬೇಕು. ಲಂಡನ್ನಿನ ಗೂಢಚಾರ ಇಲಾಖೆಯಲ್ಲಿ ಈವನ್ ಮಾಂಟೆಗ್ಯು, ಚಾರ್ಲ್ಸ್ ಚಮ್ಲಿ ಎಂಬ ಇಬ್ಬರು ಅಧಿಕಾರಿಗಳು ಒಂದು ಉಪಾಯವನ್ನು ಕಾರ್ಯಕ್ಕೆ ತಂದರು. ಒಂದು ಹೆಣವನ್ನು ಹುಡುಕುವುದು. ಅದಕ್ಕೆ ಸೈನ್ಯಾಧಿಕಾರಿಯ ಉಡುಪು ತೊಡಿಸುವುದು. ಸೈನ್ಯ ಇಳಿಯುವುದು ಗ್ರೀಸಿನಲ್ಲಿ, ಸಾರ್ಡೀನಿಯಾದಲ್ಲಿ ಎಂದು ಸೂಚಿಸುವ ಗುಟ್ಟಿನ ಕಾಗದವನ್ನು ಅದರ ಪೆಟ್ಟಿಗೆಯಲ್ಲಿಡುವುದು. ಸ್ಪೇನಿನ ಕಡಲತೀರದಲ್ಲಿ ತೇಲಿಬಿಡುವುದು. ಸ್ಪೇನಿನವರು ಜರ್ಮನರಿಗೆ ತೋರಿಸಿಯೇ ತೋರಿಸುತ್ತಾರೆಂಬ ಲೆಕ್ಕ. 1943ರ ಏಪ್ರಿಲ್ 30ರ ನಸುಕಿನಲ್ಲಿ 'ಸೆರಾಫ್' ಎಂಬ ಜಲಾಂತರ್ಗಾಮಿಯಿಂದ ಉಯೆಲ್ವಾ ಎಂಬ ಊರಿನ ಹತ್ತಿರ ಹೆಣವನ್ನು ನೀರಿಗೆ ಬಿಟ್ಟರು. ಮೀನುಗಾರನೊಬ್ಬನಿಗೆ ಸಿಕ್ಕಿತು. ಜರ್ಮನರು ನಂಬಿದರು, ಗ್ರೀಸಿನ ಕಡೆಗೆ ಸೈನ್ಯ ಕಳಿಸಿದರು. ಜುಲೈ ತಿಂಗಳಲ್ಲಿ ಸಿಸಿಲಿಯ ಮೇಲೆ ಮಿತ್ರಸೈನ್ಯ ಇಳಿಯಿತು.

ಆ ಅಧಿಕಾರಿಗೆ ಇಟ್ಟ ಹೆಸರು ಮೇಜರ್ ವಿಲಿಯಂ ಮಾರ್ಟಿನ್. ಅಂಥ ಮನುಷ್ಯ ಹುಟ್ಟಿರಲೇ ಇಲ್ಲ. ನಿಜವಾಗಿ ಸತ್ತಿದ್ದವನು ಗ್ಲಿಂಡೂರ್ ಮೈಕೆಲ್. ವೇಲ್ಸ್ ಪ್ರಾಂತದ ಕಲ್ಲಿದ್ದಲ ಗಣಿಯ ಕಡೆಯವನು, ಮನೆಮಠವಿಲ್ಲದೆ ಲಂಡನ್ನಿನಲ್ಲಿ ಅಲೆಯುತ್ತಿದ್ದವನು. 1943ರ ಜನವರಿಯಲ್ಲಿ ಇಲಿಪಾಷಾಣ ಹೊಟ್ಟೆಗೆ ಹೋಗಿ ಸತ್ತ. ವಯಸ್ಸು 34. ಬದುಕಿದ್ದಾಗ ಅವನನ್ನು ಕೇಳುವವರಿರಲಿಲ್ಲ. ಸತ್ತ ಮೇಲೆ ಸಾಮ್ರಾಜ್ಯಕ್ಕೆ ಅವನಿಂದ ಕೆಲಸವಾಗಬೇಕಾಯಿತು.

ಈ ಕಥೆಯನ್ನು ಹಾಡು ನಗೆಗಳಲ್ಲಿ ಕಟ್ಟಿದವರು 'ಸ್ಪಿಟ್‌ಲಿಪ್' ಎಂಬ ಸಣ್ಣ ತಂಡದ ನಾಲ್ವರು. 2019ರಲ್ಲಿ ನ್ಯೂ ಡಯೋರಮಾ ಎಂಬ 80 ಸೀಟಿನ ಪುಟ್ಟ ರಂಗಮಂದಿರದಲ್ಲಿ ಮೊದಲ ಪ್ರಯೋಗ. 2023ರಲ್ಲಿ ವೆಸ್ಟ್ ಎಂಡಿನ ಫಾರ್ಚೂನ್ ಥಿಯೇಟರಿಗೆ ಬಂತು. ಅದೂ ದೊಡ್ಡದೇನಲ್ಲ, ನಾನೂರು ಚಿಲ್ಲರೆ ಸೀಟು, ಮೇಲಿನ ಅಂತಸ್ತಿನಲ್ಲಿ ಮೊಣಕಾಲಿಗೆ ಜಾಗ ಸಾಲದು. 2024ರಲ್ಲಿ ವರ್ಷದ ಅತ್ಯುತ್ತಮ ಹೊಸ ಸಂಗೀತ ನಾಟಕವೆಂದು ಆಲಿವಿಯೆ ಪ್ರಶಸ್ತಿ ಪಡೆಯಿತು. 2025ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಬ್ರಾಡ್ವೇ ಮುಟ್ಟಿತು. ರಂಗದ ಮೇಲೆ ಐದೇ ಐದು ಜನ. ಈ ಐವರೇ ಅಧಿಕಾರಿಗಳು, ಟೈಪಿಸ್ಟುಗಳು, ನಾವಿಕರು, ಸ್ಪೇನಿನವರು, ಜರ್ಮನರು. ಟೋಪಿ ಬದಲಾಯಿಸಿದರೆ ಪಾತ್ರ ಬದಲು. ಮೀಸೆಯಿಲ್ಲದ ಮಾಂಟೆಗ್ಯು ಸಾಹೇಬನ ಪಾತ್ರ ಹೆಂಗಸಿನದು. ಆಫೀಸಿನ ಹಿರಿಯ ಹೆಣ್ಣು ಗುಮಾಸ್ತೆ ಹೆಸ್ಟರಳ ಪಾತ್ರ ಗಂಡಸಿನದು.

ಇದನ್ನು ಹೇಳಿದಾಗ ಪ್ರೊಫೆಸರು ಮುಗುಳುನಕ್ಕರು: "ಅಂತೂ ಸ್ತ್ರೀಪಾತ್ರಧಾರಿಗಳು ಮರಳಿ ಬಂದರು." ಬರಲಿ, ಸ್ವಾಮಿ! ಹೋದದ್ದಾದರೂ ಯಾಕೆ? 1958ರಲ್ಲಿ ಆರ್. ನಾಗರತ್ನಮ್ಮನವರು ಮೈಸೂರಿನಲ್ಲಿ ಬರೀ ಹೆಂಗಸರ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ ಗರ್ಜಿಸಿದಾಗ ಯಾರೂ ನಾಟಕ ಕೆಟ್ಟಿತು ಎನ್ನಲಿಲ್ಲ. ಕಂಸನ ಮದ ಎಂಥದೆಂಬುದನ್ನು ಹೆಣ್ಣು ಚೆನ್ನಾಗಿ ಬಲ್ಲಳು, ಮನೆಯಲ್ಲೇ ನೋಡಿರುತ್ತಾಳೆ. ಲಂಡನ್ನಿನ ನಾಟಕದಲ್ಲೂ ಅದೇ. ದೊಡ್ಡ ಮನೆತನ, ದೊಡ್ಡ ಸ್ಕೂಲು, ಆದ್ದರಿಂದ ತಾನೇ ಆಳಲು ಹುಟ್ಟಿದವನು ಎಂದು ಎದೆಯುಬ್ಬಿಸಿ ನಡೆಯುವ ಸಾಹೇಬನ ಠೀವಿಯನ್ನು ಒಬ್ಬ ಹೆಂಗಸು ಆಡಿತೋರಿಸಿದಾಗ ಆ ಠೀವಿಯ ಹೊಲಿಗೆಯೆಲ್ಲ ಕಣ್ಣಿಗೆ ಕಾಣುತ್ತದೆ.

ಈಗ ಮೊದಲನೆಯ ಆರೋಪಕ್ಕೆ ಬರೋಣ. ಹಾಡಿದ್ದರೆ ನಾಟಕವಲ್ಲ ಎಂಬ ಮಡಿ ನಮಗೆ ಎಲ್ಲಿಂದ ಬಂತು? ಪ್ರೊಫೆಸರು ಕೈಲಾಸಂ ಅವರ ಹೆಸರು ಹೇಳಿದರು. ಕಂಪೆನಿ ನಾಟಕದ ರಾಜರು ಸಾಯುವಾಗಲೂ ರಾಗಾಲಾಪನೆ ಮಾಡುತ್ತಿದ್ದುದನ್ನು ಕಂಡು ಕೈಲಾಸಂ ಬೇಸತ್ತರು; "ಟೊಳ್ಳುಗಟ್ಟಿ"ಯಿಂದ ಮೊದಲುಮಾಡಿ ನಮ್ಮ ನಿಮ್ಮ ಮನೆಯ ಮಾತನ್ನು ರಂಗಕ್ಕೆ ತಂದರು. ಎಲ್ಲ ನಿಜ, ಅದು ದೊಡ್ಡ ಉಪಕಾರ. ಆದರೆ ಅದೇ ಕೈಲಾಸಂ "ಕೋಳೀಕೆ ರಂಗ"ನ ಹಾಡು ಕಟ್ಟಿದರಲ್ಲ? ಅವರ ಜಗಳ ಹಾಡಿನ ಮೇಲಲ್ಲ. ಹೊತ್ತುಗೊತ್ತಿಲ್ಲದೆ ಬರುವ ಹಾಡಿನ ಮೇಲೆ. ಅಡಿಗೆಗೆ ಉಪ್ಪು ಹೆಚ್ಚಾಯಿತೆಂದು ಒಬ್ಬರು ಅಂದದ್ದನ್ನೇ ಹಿಡಿದುಕೊಂಡು ನಾವು ಉಪ್ಪನ್ನೇ ಬಿಟ್ಟು ಕೂತೆವು. ಸಪ್ಪೆ ಸಾರನ್ನು ಉಂಡು ಗಂಭೀರವಾಗಿದೆ ಎಂದು ತಲೆದೂಗಿದೆವು.

ಗುಬ್ಬಿ ವೀರಣ್ಣನವರು ಸದಾರಮೆಯಲ್ಲಿ ಕಳ್ಳನ ಪಾತ್ರ ಮಾಡಿಯೇ ಮನೆಮಾತಾದವರು. ರಾಜಪಾರ್ಟಿನವರಿಗೆ ಕಿರೀಟ ದಕ್ಕಿತು, ಜನ ದಕ್ಕಿದ್ದು ಕಳ್ಳನಿಗೆ. ಯಕ್ಷಗಾನದಲ್ಲಿ ಹಾಸ್ಯಗಾರನನ್ನು ತೆಗೆದುಹಾಕಿ ನೋಡಿ. ರಾತ್ರಿ ಹನ್ನೆರಡಕ್ಕೇ ಜನ ಚಾಪೆ ಸುತ್ತಿಕೊಂಡು ಏಳುತ್ತಾರೆ. ಬೇಡ, ಹಳೆಯದೆಲ್ಲ ಬೇಡವೆಂದರೆ, 1972ರಲ್ಲಿ ಬಿ. ವಿ. ಕಾರಂತರು ಕಂಬಾರರ "ಜೋಕುಮಾರಸ್ವಾಮಿ"ಯನ್ನು ಆಡಿಸಿದಾಗ ಏನಾಯಿತು? ಆಮೇಲೆ ಶ್ರೀರಂಗರ "ಸತ್ತವರ ನೆರಳು" ನಾಟಕಕ್ಕೆ ದಾಸರ ಪದಗಳನ್ನು ಹೊಂದಿಸಿ ಮಠದ ಜಗಳವನ್ನು ನಗೆಪಾಟಲು ಮಾಡಿದಾಗ ಏನಾಯಿತು? ಪ್ರೊಫೆಸರೇ, ಆಗ ರವೀಂದ್ರ ಕಲಾಕ್ಷೇತ್ರದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ತೊಡೆ ತಟ್ಟುತ್ತ ತಾಳ ಹಾಕುತ್ತಿದ್ದವರು ಯಾರು? ಹೆಸರು ಹೇಳಲೆ?

ಹಾಡಿನ ಕೆಲಸ ಕಿವಿಗೆ ಇಂಪು ಕೊಡುವುದಷ್ಟೇ ಅಲ್ಲ. ಮಾತು ಹೇಳಿದರೆ ಮಾನ ಹೋಗುವಂಥ ವಿಷಯವನ್ನು ಹಾಡು ಹೇಳುತ್ತದೆ. ಈ ನಾಟಕದಲ್ಲಿ ಅದಕ್ಕೊಂದು ಉದಾಹರಣೆ ಇದೆ. ನಾನು ಎರಡನೆಯ ಸಲ ಟಿಕೆಟ್ಟು ಕೊಂಡದ್ದೇ ಅದಕ್ಕಾಗಿ.

ಹೆಣಕ್ಕೆ ಹೆಸರು ಕೊಟ್ಟರೆ ಸಾಲದು, ಬದುಕು ಕೊಡಬೇಕಲ್ಲ? ಅವನ ಜೇಬಿನಲ್ಲಿ ಒಬ್ಬ ಪ್ರೇಯಸಿಯ ಫೋಟೋ, ಉಂಗುರ ಕೊಂಡ ರಸೀತಿ, ಸಾಲ ಮೀರಿತೆಂದು ಬ್ಯಾಂಕಿನವರು ಬರೆದ ತಗಾದೆ ಪತ್ರ, ಪ್ರೇಮಪತ್ರಗಳು ಇವೆಲ್ಲ ಇದ್ದವು. ಪ್ರೇಮಪತ್ರ ಬರೆಯುವ ಕೆಲಸ ನಾಟಕದಲ್ಲಿ ಒಬ್ಬ ಎಳೆಯ ಹುಡುಗಿಗೆ ಬರುತ್ತದೆ. ಅವಳು ಬರೆದದ್ದು ಬರೀ ಬೆಡಗು. ಆಗ ಹಿರಿಯಳಾದ ಹೆಸ್ಟರ್, ಸದಾ ಸಿಡುಕುಮೋರೆಯ ಗುಮಾಸ್ತೆ, ಹಾಗಲ್ಲ ಹೀಗೆ ಎಂದು ತಾನೇ ಪತ್ರವನ್ನು ಹೇಳತೊಡಗುತ್ತಾಳೆ. ಅದೇ ಹಾಡು. ಅದರಲ್ಲಿ ವಿರಹವೆಂಬ ಶಬ್ದವಿಲ್ಲ, ಕಣ್ಣೀರಿಲ್ಲ. ಮನೆಯ ಕಡೆಯ ಸಣ್ಣಪುಟ್ಟ ಸಮಾಚಾರ, ಅಷ್ಟೆ. ಗಂಡಸು ಹೆಂಗಸಿನ ಪಾತ್ರ ಮಾಡಿದ್ದಾನೆಂದು ಅದುವರೆಗೆ ನಗುತ್ತಿದ್ದ ಜನ ಮೊದಲ ಎರಡು ಸಾಲಿಗೂ ನಗುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸುತ್ತಾರೆ. ಅವಳು ಹೇಳುತ್ತಿರುವುದು ಹುಟ್ಟದೇ ಇದ್ದ ಮೇಜರನಿಗಲ್ಲ. ಹಿಂದಿನ ಮಹಾಯುದ್ಧಕ್ಕೆ ಹೋಗಿ ಮರಳದ ಒಬ್ಬನಿಗೆ. ಯಾರಿಗೂ ಗೊತ್ತಿಲ್ಲದಂತೆ ಇಪ್ಪತ್ತೈದು ವರ್ಷ ಬಚ್ಚಿಟ್ಟುಕೊಂಡಿದ್ದ ಪತ್ರವದು. ಈ ಪಾತ್ರವನ್ನು ಮೊದಲು ಕಟ್ಟಿದ ಜ್ಯಾಕ್ ಮಲೋನ್ ಎಂಬ ನಟನಿಗೆ ಲಂಡನ್ನಿನ ಆಲಿವಿಯೆ ಪ್ರಶಸ್ತಿಯೂ 2025ರಲ್ಲಿ ನ್ಯೂಯಾರ್ಕಿನ ಟೋನಿ ಪ್ರಶಸ್ತಿಯೂ ಬಂದವು. ನಾನು ನೋಡಿದಾಗ ಬೇರೊಬ್ಬ ನಟನಿದ್ದ. ಹಾಡು ಹಾಗೆಯೇ ನಾಟಿತು.

ನನಗೆ ಅದು ನಾಟಲು ಕಾರಣವೂ ಇತ್ತು. ನನ್ನ ಸೋದರತ್ತೆಯ ಗಂಡ ಅದೇ ಯುದ್ಧದಲ್ಲಿ ಬರ್ಮಾ ಕಡೆಗೆ ಹೋದವರು. ಬಂದದ್ದು ತಂತಿ ಮಾತ್ರ. ಅತ್ತೆ ನಮ್ಮ ಮನೆಯಲ್ಲೇ ಉಳಿದರು. ನಲವತ್ತು ವರ್ಷ ಅಡಿಗೆಮನೆಯಲ್ಲಿ ದುಡಿದರು. ಅವರು ಅತ್ತದ್ದನ್ನು ನಾನು ಒಂದೇ ಸಲ ಕಂಡೆ. ನನಗಾಗ ಎಂಟೋ ಹತ್ತೋ ವರ್ಷ. ನಮ್ಮೂರಿಗೆ ನಾಟಕದ ಕಂಪೆನಿ ಬಂದು ಟೆಂಟು ಹಾಕಿತ್ತು. ಹಾಸ್ಯದ ಸೀನು: ಪರಸ್ಥಳದಲ್ಲಿರುವ ಗಂಡನಿಗೆ ಕಾಗದ ಬರೆಸಲು ಒಬ್ಬ ಹೆಂಗಸು ಬರುತ್ತಾಳೆ, ಹಾಸ್ಯಗಾರ ಅವಳು ಹೇಳಿದ್ದನ್ನೆಲ್ಲ ತಿರುಚಿ ಬರೆದು ಹಾಡುತ್ತಾನೆ. ಟೆಂಟೆಲ್ಲ ಬಿದ್ದುಬಿದ್ದು ನಕ್ಕಿತು, 'ಒನ್ಸ್ ಮೋರ್' ಎಂದು ಕೂಗಿತು. ಅತ್ತೆಯೂ ನಕ್ಕರು. ನಗುತ್ತ ನಗುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದರು. ಪಕ್ಕದವರು ನಗುವೆಂದೇ ತಿಳಿದರು. ಮಾರನೆಯ ದಿನ ಎಂದಿನಂತೆ ಒಲೆಯ ಮುಂದಿದ್ದರು. ಗಂಭೀರ ನಾಟಕವಾಗಿದ್ದರೆ ಅತ್ತೆ ಎದ್ದು ಹೋಗಿರುತ್ತಿದ್ದರು, ಇಲ್ಲವೆ ಕಲ್ಲಿನಂತೆ ಕೂತಿರುತ್ತಿದ್ದರು. ನಗಲೆಂದು ಬಂದವರಾದ್ದರಿಂದ ಬಾಗಿಲು ತೆರೆದಿತ್ತು. ದುಃಖ ಒಳಗೆ ಬಂತು. ನಗೆ ನಾಟಕಕ್ಕೆ ನಾನು ಋಣಿಯಾಗಿರುವುದು ಅಂದಿನಿಂದ.

ಇನ್ನು ಎರಡನೆಯ ಆರೋಪ, ನಿರ್ದಯೆ. ಇದಕ್ಕೆ ನಾನು ಕೇಳುವ ಪ್ರಶ್ನೆ ಒಂದೇ: ಗ್ಲಿಂಡೂರ್ ಮೈಕೆಲನ ಹೆಸರನ್ನು ಕಸಿದವರು ಯಾರು? ನಗುವವರೇ? ಅಲ್ಲ. ಸಮವಸ್ತ್ರ ತೊಟ್ಟು, ಮುಖ ಗಂಟಿಕ್ಕಿಕೊಂಡು, ದೇಶಸೇವೆಯೆಂಬ ದೊಡ್ಡ ಮಾತಾಡುವ ಗಂಭೀರ ಜನ. ಯುದ್ಧ ಮುಗಿದ ಮೇಲೆ 1953ರಲ್ಲಿ ಮಾಂಟೆಗ್ಯು ಸಾಹೇಬರೇ ಪುಸ್ತಕ ಬರೆದರು. 1956ರಲ್ಲಿ ಅದು ಸಿನಿಮಾ ಆಯಿತು. ಎರಡೂ ಬಹು ಗಂಭೀರ, ಎರಡರಲ್ಲೂ ಹೆಣದ ನಿಜವಾದ ಹೆಸರಿಲ್ಲ. 1996ರಲ್ಲಿ, ಘಟನೆ ನಡೆದು ಐವತ್ತಮೂರು ವರ್ಷಗಳಾದ ಮೇಲೆ, ರೋಜರ್ ಮಾರ್ಗನ್ ಎಂಬ ಹವ್ಯಾಸಿ ಇತಿಹಾಸಕಾರ ಸರ್ಕಾರದ ಕಡತಗಳಲ್ಲಿ ಅದನ್ನು ಪತ್ತೆಮಾಡಿದ. 1998ರಲ್ಲಿ ಉಯೆಲ್ವಾದ ಗೋರಿಯ ಕಲ್ಲಿನ ಮೇಲೆ, ಮೇಜರ್ ಮಾರ್ಟಿನ್ ಆಗಿ ಸೇವೆ ಸಲ್ಲಿಸಿದವನು ಗ್ಲಿಂಡೂರ್ ಮೈಕೆಲ್ ಎಂಬ ಸಾಲನ್ನು ಕೆತ್ತಿಸಿದರು.

ನಾಟಕದವರು ಏನು ಮಾಡಿದರು? ಎರಡೂವರೆ ಗಂಟೆ ಹೆಣದ ಮೇಲೆ ನಕ್ಕರೆಂದು ಪ್ರೊಫೆಸರು ಹೇಳುತ್ತಾರೆ. ಅವರು ನೋಡಿಲ್ಲ, ನಾನು ನೋಡಿದ್ದೇನೆ. ನಗೆಯೆಲ್ಲ ಹೆಣವನ್ನು ಹೊತ್ತವರ ಮೇಲೆ. ಹೆಣ ಎಲ್ಲಿ ಸಿಗುತ್ತದೆಂದು ಪೇಟೆಯಲ್ಲಿ ತರಕಾರಿ ಆರಿಸುವ ಹಾಗೆ ಆರಿಸುವವರ ಮೇಲೆ. ಯಾರ ಹೆಣವಾದರೇನು, ಉಪಯೋಗಕ್ಕೆ ಬಂದರೆ ಸರಿ ಎನ್ನುವ ಮನಸ್ಸಿನ ಮೇಲೆ. ಕೊನೆಯಲ್ಲಿ ಗೆದ್ದ ಸಂಭ್ರಮ: ಝಗಝಗಿಸುವ ಉಡುಪು, ಕುಣಿತ. ನಾವೂ ಚಪ್ಪಾಳೆಯಲ್ಲಿ ಸೇರಿಕೊಂಡಿರುತ್ತೇವೆ. ಸತ್ತವನನ್ನು ಆ ಸಾಹೇಬರಂತೆಯೇ ನಾವೂ ಮರೆತಿರುತ್ತೇವೆ. ಆ ಸಂಭ್ರಮದ ನಡುವೆಯೇ ಅವನ ಹೆಸರು ಬರುತ್ತದೆ. ನಗುತ್ತಿದ್ದವನಿಗೆ ನಾಚಿಕೆಯಾಗುತ್ತದೆ. ಈ ನಾಚಿಕೆಯನ್ನು ಯಾವ ಗಂಭೀರ ಸಿನಿಮಾ ನನ್ನಲ್ಲಿ ಹುಟ್ಟಿಸಿತ್ತು? ಅಳಿಸುವವರು ನಮ್ಮನ್ನು ಒಳ್ಳೆಯವರನ್ನಾಗಿ ಮಾಡಿ ಮನೆಗೆ ಕಳಿಸುತ್ತಾರೆ; ಕಣ್ಣೊರೆಸಿಕೊಂಡು, ನಾನೆಷ್ಟು ಮೃದುಹೃದಯಿ ಎಂದುಕೊಂಡು ಆಟೋ ಹತ್ತುತ್ತೇವೆ. ಒಳ್ಳೆಯ ಪ್ರಹಸನ ನಮ್ಮನ್ನು ಕಳ್ಳತನದಲ್ಲಿ ಹಿಡಿಯುತ್ತದೆ.

ನಾಟಕದ ಹುಚ್ಚಿನವರನ್ನು ಕಂಡರೆ ಪ್ರೊಫೆಸರಿಗೆ ಅಲಕ್ಷ್ಯ. ಒಂದೇ ನಾಟಕವನ್ನು ಹತ್ತು ಸಲ ನೋಡುವವರಿಗೆ ಬೇರೆ ಕೆಲಸವಿಲ್ಲವೆಂದು ಅವರ ಮತ. ಈ ನಾಟಕದ ಹುಚ್ಚರು ಮಾಡಿದ ಕೆಲಸ ಕೇಳಿ. ಹೆಸ್ಟರ್ ಎಂಬಾಕೆ ಕಲ್ಪನೆಯ ಪಾತ್ರವಲ್ಲ. ಆ ಇಲಾಖೆಯಲ್ಲಿ ದುಡಿದವಳು. ಪ್ರೇಮಪತ್ರ ಬರೆದವಳು ಅವಳೇ ಎಂದು ಪ್ರತೀತಿ. ಆದರೆ ಅಧಿಕಾರಿಗಳ ಪದಕಗಳ ಲೆಕ್ಕವಿಟ್ಟ ಇತಿಹಾಸದಲ್ಲಿ ಅವಳ ಹೆಸರಿನ ಅಕ್ಷರ ಕೂಡ ತಪ್ಪಾಗಿತ್ತು. ನಾಟಕ ನೋಡಿದ ಪ್ರೇಕ್ಷಕರು, ಹಾಡು ಕೇಳಿ ಸುಮ್ಮನಿರಲಾರದವರು, ಹಳೆಯ ದಾಖಲೆಗಳಲ್ಲಿ ತಡಕಿ ಅವಳು ಹೆಸ್ಟರ್ ಲೆಗ್ಗಟ್ ಎಂಬುದನ್ನು ಸರಿಯಾದ ಅಕ್ಷರಗಳಲ್ಲಿ ಹೊರತೆಗೆದರು. ಸಂಬಳವಿಲ್ಲ, ಪದವಿಯಿಲ್ಲ, ಒಂದು ಹಾಡಿನ ಋಣ. ಒಂದು ಮಹಾಪ್ರಬಂಧ ಇಷ್ಟು ಮಾಡಿದ್ದರೆ ನಾವು ಹಾರ ಹಾಕುತ್ತಿದ್ದೆವು.

ನನ್ನ ಹೊಗಳಿಕೆ ಕುರುಡಲ್ಲ. ಮೊದಲ ಅಂಕದ ಓಟ ವಿಪರೀತ. ಇಂಗ್ಲಿಷು ಚೆನ್ನಾಗಿ ಬಲ್ಲವನಿಗೂ ಅರ್ಧ ಮಾತು ಜಾರಿಹೋಗುತ್ತದೆ. ಎರಡನೆಯ ಅಂಕ ಶುರುವಾಗುವುದು ನಾಜಿಗಳು ಈ ಕಾಲದ ಹುಡುಗರ ತಂಡದಂತೆ ಕುಣಿಯುವುದರಿಂದ. ಅದು ನನಗೆ ಮೊದಲ ಸಲ ಹಿಡಿಸಲಿಲ್ಲ, ಎರಡನೆಯ ಸಲ ಅರೆಬರೆ ಹಿಡಿಸಿತು. ಇವು ಸಣ್ಣ ತಕರಾರು. ದೊಡ್ಡದೊಂದಿದೆ. ಅದು ಪ್ರೊಫೆಸರಿಗೆ ಹೊಳೆಯಲಿಲ್ಲ, ನಾನಾಗಿಯೇ ಒಪ್ಪಿಸುತ್ತೇನೆ. ಆ 1943 ನಮಗೂ ಒಂದು ವರ್ಷವೇ. ಅದೇ ಸಾಮ್ರಾಜ್ಯದ ಆಡಳಿತದಲ್ಲಿ, ಅದೇ ವರ್ಷ, ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಇಪ್ಪತ್ತು ಮೂವತ್ತು ಲಕ್ಷವೆಂದು ಅಂದಾಜು. ಅವರಲ್ಲಿ ಯಾರಿಗೂ ಗೋರಿಯ ಕಲ್ಲಿಲ್ಲ, ಎರಡನೆಯ ಹೆಸರಂತೂ ಇಲ್ಲ. ಒಬ್ಬ ನಿರ್ಗತಿಕನ ಹೆಸರಿಗಾಗಿ ಕರಗುತ್ತಿದ್ದ ಆ ನಾನೂರು ಜನರ ನಡುವೆ ಕೂತು ಇದು ನೆನಪಾದಾಗ ನನ್ನ ಚಪ್ಪಾಳೆ ಅರ್ಧಕ್ಕೆ ನಿಂತಿತು. ನಾಟಕ ಈ ಮಾತನ್ನು ಎತ್ತುವುದಿಲ್ಲ. ಎತ್ತಲಿಲ್ಲವೆಂದು ನಾನು ಅದರ ಮೇಲೆ ಮೊಕದ್ದಮೆ ಹೂಡುವುದೂ ಇಲ್ಲ. ತಮ್ಮ ಸಾಹೇಬರನ್ನು ತಾವು ನಗುವ ಕೆಲಸ ಅವರು ಮಾಡಿದ್ದಾರೆ. ನಮ್ಮ ಹೆಸರಿಲ್ಲದವರ ಲೆಕ್ಕ ನಮ್ಮದು. ಅದನ್ನು ನಾವು ಬರೀ ಶೋಕಸಭೆಯ ಧ್ವನಿಯಲ್ಲಿ ಮಾಡಿದರೆ ಜನ ಬರುವುದಿಲ್ಲ. ಬಂದವರು ನಿದ್ದೆ ಮಾಡುತ್ತಾರೆ. ನಮ್ಮಲ್ಲೂ ಮಾಂಟೆಗ್ಯುಗಳಿದ್ದಾರೆ, ಬೇಕಾದಷ್ಟು. ಉಪಯೋಗಕ್ಕೆ ಬಂದ ಮೇಲೆ ಹೆಸರು ಅಳಿಸಿಹೋದ ಕೂಲಿಗಳು, ಜವಾನರು, ಅತ್ತೆಯಂದಿರು ಇದ್ದಾರೆ. ಹಾರ್ಮೋನಿಯಂ ಇದೆ, ಹಾಡುವವರಿದ್ದಾರೆ. ನಗುವುದಕ್ಕೆ ಧೈರ್ಯ ಸಾಲದಾಗಿದೆ, ಅಷ್ಟೆ.

ಕೊನೆಗೊಂದು ಮಾತು. ಮೇಜರ್ ಮಾರ್ಟಿನ್ ಎಂಬ ಹುಟ್ಟದ ಮನುಷ್ಯ ನಿಜವಾಗಿ ಬದುಕಿದ್ದನೆಂದು ಶತ್ರುವನ್ನು ನಂಬಿಸಲು ಆ ಅಧಿಕಾರಿಗಳು ಅವನ ಜೇಬಿನಲ್ಲಿ ಇನ್ನೊಂದು ವಸ್ತುವನ್ನೂ ಇಟ್ಟರು: ಲಂಡನ್ನಿನ ಪ್ರಿನ್ಸ್ ಆಫ್ ವೇಲ್ಸ್ ಥಿಯೇಟರಿನ, 1943ರ ಏಪ್ರಿಲ್ 22ರ ತಾರೀಕಿನ, ಹರಿದ ಟಿಕೆಟ್ಟಿನ ಚೂರುಗಳು. ಅಂದು ಅಲ್ಲಿ ಆಡಿದ್ದು ಗ್ರೀಕ್ ದುರಂತ ನಾಟಕವಲ್ಲ, ಹಾಡು ನಗೆಗಳ ಪ್ರದರ್ಶನ. ಮನುಷ್ಯ ಬದುಕಿದ್ದ ಎಂಬುದಕ್ಕೆ ಬ್ಯಾಂಕಿನ ಪತ್ರದಂತೆಯೇ ಇದೂ ಸಾಕ್ಷಿಯೆಂದು ಆ ಬುದ್ಧಿವಂತರಿಗೆ ತಿಳಿದಿತ್ತು. ಗ್ಲಿಂಡೂರ್ ಮೈಕೆಲನಿಗೆ ಬದುಕಿದ್ದಾಗ ಆ ಟಿಕೆಟ್ಟು ಕೊಳ್ಳುವ ಕಾಸಿರಲಿಲ್ಲ.

ನನ್ನ ಎರಡು ಟಿಕೆಟ್ಟುಗಳ ಚೂರನ್ನು ನಾನು ಪರ್ಸಿನಲ್ಲೇ ಇಟ್ಟುಕೊಂಡಿದ್ದೇನೆ. ಪ್ರೊಫೆಸರೇ, ಮುಂದಿನ ಸಲ ನಮ್ಮೂರಲ್ಲಿ ಹಾಡಿರುವ ನಗೆ ನಾಟಕ ಯಾವುದು ಬಂದರೂ ತಮ್ಮ ಟಿಕೆಟ್ಟು ನನ್ನದು. ಬಂದು, ನೋಡಿ, ಆಮೇಲೆ ಬೈಯಿರಿ. ತಾಳ ಹಾಕಬೇಕೆನಿಸಿದರೆ ತೊಡೆ ನಿಮ್ಮದೇ ಇರಲಿ. ಹಿಂದಿನ ಸಲ ತಟ್ಟಿದ್ದು ನನ್ನ ತೊಡೆಯ ಮೇಲೆ.